ಸೋಷಿಯಲಿ ಅಸಿಸ್ಟಿವ್ ರೋಬೋಟಿಕ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಏನು ಕೆಲಸ?

ತುಮಕೂರಿನಲ್ಲಿ ಬಿ.ಇ. ಓದುತ್ತಿರುವ ನಿಮ್ಮ ತಂಗಿ ಇದೇ ಬೇಕು ಅಂತಿದ್ದಾಳೆ, ಮುಂದೇನು ಅಂತ ಕೇಳಿದ್ದೀರಿ. ಈ ಕ್ಷೇತ್ರದ ರೋಬೋಟ್ ಅಜ್ಜಿಯನ್ನು ಎತ್ತಿ ಕೂರಿಸುವುದಿಲ್ಲ. ‘ಇನ್ನೊಂದ್ಸಲ ಕೈ ಎತ್ತಿ ಅಜ್ಜಿ’ ಅಂತ ಮಾತು, ಸನ್ನೆಯಲ್ಲೇ ಹುರಿದುಂಬಿಸುತ್ತದೆ. 2005ರಲ್ಲಿ ಇದನ್ನು ಬೇರೆಯೇ ಕ್ಷೇತ್ರವಾಗಿ ವಿವರಿಸಿದವರು ಅಮೆರಿಕದ ಸಂಶೋಧಕರಾದ ಮಾಯಾ ಮಟಾರಿಚ್ ಮತ್ತು ಡೇವಿಡ್ ಫೈಲ್-ಸೀಫರ್. ಫೈಲ್-ಸೀಫರ್ ಆಗಿನ್ನೂ ಮಟಾರಿಚ್ ಅವರ ಶಿಷ್ಯ. ಆಮೇಲೆ ರೀನೋದ ನೆವಾಡ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಹೆಚ್ಚು ಕಡಿಮೆ ದಾರಿ ಇದೇ.

ಕೋಡಿಂಗ್ ಬಂದರೆ ಸಾಲದು. ಜನರ ಮೇಲೆ ನಡೆಸುವ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ವೃದ್ಧಾಶ್ರಮದಲ್ಲೋ ಆಟಿಸಂ ಇರುವ ಮಕ್ಕಳ ಜೊತೆಯೋ ವಾರಗಟ್ಟಲೆ ಕೂರಬೇಕು. ಮೊದಲ ದಿನ ಎಲ್ಲರಿಗೂ ರೋಬೋಟ್ ಇಷ್ಟ. ಹೊಸತನ ಕಳೆದ ಮೇಲೂ ಮಾತಾಡಿಸುತ್ತಾರಾ ಅನ್ನುವುದೇ ನಿಜವಾದ ಪ್ರಶ್ನೆ. ತಾಳ್ಮೆ ಜಾಸ್ತಿ ಬೇಕು. ಈಗಲೇ ಸ್ವಲ್ಪ ಮನಶ್ಶಾಸ್ತ್ರ, ಅಂಕಿಅಂಶ ಓದಲು ಹೇಳಿ.