ಡ್ರೊಗ್ಬಾಗೆ ಲೀಗ್‌ನಲ್ಲಿ ಎರಡೇ ದೊಡ್ಡ ಸೀಸನ್, ಮತ್ತೆ ಯಾಕಿಷ್ಟು ಹೊಗಳಿಕೆ?

ನಿಮ್ಮ ಲೆಕ್ಕ ಸರಿಯಾಗೇ ಇದೆ. ಐವರಿ ಕೋಸ್ಟ್‌ನ ಸ್ಟ್ರೈಕರ್ ದಿದಿಯೆ ಡ್ರೊಗ್ಬಾ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ 254 ಪಂದ್ಯ ಆಡಿ ಹೊಡೆದದ್ದು 104 ಗೋಲು. 2006-07ರಲ್ಲಿ 20, 2009-10ರಲ್ಲಿ 29, ಎರಡು ಸಲವೂ ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಅವನದೇ. ಲಂಡನ್‌ನ ಚೆಲ್ಸಿ ಕ್ಲಬ್‌ನಲ್ಲಿ ಮೊದಲ ಸಲ ಇದ್ದ ಎಂಟು ಸೀಸನ್‌ಗಳಲ್ಲಿ ಉಳಿದ ಆರರಲ್ಲಿ 12 ದಾಟಿಲ್ಲ. ಗೋಲಿನ ಪಟ್ಟಿ ಹಿಡಿದು ಕೂತರೆ ಆರ್ಸೆನಲ್‌ನ ಸ್ಟ್ರೈಕರ್ ಥಿಯೆರಿ ಹೆನ್ರಿ ಪಕ್ಕದಲ್ಲಿ ಸಣ್ಣವನಾಗಿ ಕಾಣುವುದು ಸಹಜ. ಆದರೆ ಇಬ್ಬರಿಗೂ ಕೊಟ್ಟ ಕೆಲಸವೇ ಬೇರೆ.

2004ರಲ್ಲಿ ಚೆಲ್ಸಿ ಕೋಚ್ ಮೌರಿನ್ಯೊ ಅವನನ್ನು ಫ್ರಾನ್ಸ್‌ನ ಮಾರ್ಸೇ ಕ್ಲಬ್‌ನಿಂದ 2.4 ಕೋಟಿ ಪೌಂಡ್‌ಗೆ ತಂದದ್ದು 4-3-3ರಲ್ಲಿ (ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್ ಇರುವ ವ್ಯೂಹ) ನಡುಮುಂದೆ ಒಬ್ಬನೇ ನಿಲ್ಲಲು. ಗೋಲ್‌ಕೀಪರ್ ಚೆಕ್ ಉದ್ದಕ್ಕೆ ಒದ್ದಾಗ ಡ್ರೊಗ್ಬಾನನ್ನು ಗಮನಿಸಿ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಹಿಂದಕ್ಕೆ ಸರಿದು, ಡಿಫೆಂಡರ್‌ಗೆ ಬೆನ್ನು ಒತ್ತಿ ನಿಲ್ಲುತ್ತಾನೆ. ಡಿಫೆಂಡರ್‌ಗೆ ಓಡಿಬಂದು ಜಿಗಿಯಲು ಜಾಗ ಸಿಕ್ಕರೆ ಚೆಂಡು ಅವನ ಪಾಲು. ಜಾಗ ಸಿಗದ ಹಾಗೆ ಮಾಡುವುದೇ ಮೊದಲ ಅರ್ಧ ಕೆಲಸ. ಆಮೇಲೆ ಎದೆಯ ಮೇಲೆ ಚೆಂಡು ಇಳಿಸಿ, ಹಿಂದಿನಿಂದ ಓಡಿಬರುವ ಲ್ಯಾಂಪಾರ್ಡ್‌ಗೆ ತಳ್ಳುತ್ತಾನೆ. ಡ್ರೊಗ್ಬಾನನ್ನು ತಡೆಯಲು ಇಬ್ಬರು ಬಂದರಂತೂ ಪೆನಾಲ್ಟಿ ಬಾಕ್ಸ್ ಅಂಚು ಖಾಲಿ. 2009-10ರಲ್ಲಿ ಚೆಲ್ಸಿ 103 ಲೀಗ್ ಗೋಲು ಹೊಡೆಯಿತು. ಅದರಲ್ಲಿ ಮಿಡ್‌ಫೀಲ್ಡರ್ ಲ್ಯಾಂಪಾರ್ಡ್ ಒಬ್ಬನದೇ 22. ಎಲ್ಲದಕ್ಕೂ ಡ್ರೊಗ್ಬಾ ಕಾರಣ ಅಂತಲ್ಲ, ಆದರೆ ಆ ಜಾಗ ತಾನಾಗಿ ಹುಟ್ಟಿದ್ದಲ್ಲ.

ಈ ಆಟಕ್ಕೆ ಮೈ ಗಟ್ಟಿ ಇರಬೇಕು, ಅದು ಅವನಿಗೆ ತಡವಾಗಿ ಬಂತು. 1978ರಲ್ಲಿ ಅಬಿಜಾನ್‌ನಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಫ್ರಾನ್ಸ್‌ನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಬಂಧುವೊಬ್ಬನ ಮನೆ ಸೇರಿದವನು. ಲೆ ಮಾನ್ಸ್ ಕ್ಲಬ್‌ನಲ್ಲಿ ಒಂದರ ಹಿಂದೆ ಒಂದು ಗಾಯ. ವೃತ್ತಿಪರ ಒಪ್ಪಂದ ಸಿಕ್ಕಿದ್ದು 21ಕ್ಕೆ. ಫ್ರಾನ್ಸ್‌ನ ಮೊದಲ ದರ್ಜೆ ಕಂಡದ್ದು 2002ರ ಜನವರಿಯಲ್ಲಿ ಗ್ಯಾಂಗಾಂಪ್ ಕ್ಲಬ್ ಅವನನ್ನು ಕೊಂಡಾಗ. ಮುಂದಿನ ಪೂರ್ಣ ಸೀಸನ್‌ನಲ್ಲೇ 17 ಲೀಗ್ ಗೋಲು. ಹದಿನೆಂಟಕ್ಕೇ ಮಿಂಚದವನ ಕಥೆ ಮುಗಿಯಿತು ಅನ್ನುವವರು ಇದನ್ನು ನೋಡಬೇಕು.

ಮೈ ಕೈಕೊಟ್ಟಾಗ ಗೋಲೂ ಕೈಕೊಟ್ಟವು. 2008-09ರಲ್ಲಿ ಗಾಯ, ಜೊತೆಗೆ ಕೋಚ್ ಸ್ಕೊಲಾರಿ ಕೈಕೆಳಗೆ ಬೆಂಚು: ಬರೀ 5. 2010ರ ಶರತ್ಕಾಲದಲ್ಲಿ ಮಲೇರಿಯಾ. ಹಿಂದಿನ ವರ್ಷದ 29, ಆ ಸೀಸನ್‌ನಲ್ಲಿ 11ಕ್ಕೆ ಇಳಿಯಿತು.

ಹೊಗಳಿಕೆಯ ಅಸಲಿ ಕಾರಣ ಫೈನಲ್‌ಗಳು. ಇಂಗ್ಲೆಂಡ್‌ನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ನಾಲ್ಕು ಫೈನಲ್‌ಗಳಲ್ಲಿ (2007, 2009, 2010, 2012) ಗೋಲು ಹೊಡೆದಿದ್ದಾನೆ, ನಾಲ್ಕನ್ನೂ ಚೆಲ್ಸಿ ಗೆದ್ದಿದೆ. ಲೀಗ್ ಕಪ್ ಫೈನಲ್‌ಗಳಲ್ಲಿ ಇನ್ನೂ ನಾಲ್ಕು ಗೋಲು. ಮೇಲೆ 2012ರ ಮ್ಯೂನಿಕ್: ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ಎದುರಾಳಿ ಜರ್ಮನಿಯ ಬಯರ್ನ್ ಅವರದೇ ಅಂಗಳ, 83ನೇ ನಿಮಿಷಕ್ಕೆ 1-0 ಹಿನ್ನಡೆ. ಇಡೀ ಪಂದ್ಯದಲ್ಲಿ ಬಯರ್ನ್‌ಗೆ 20 ಕಾರ್ನರ್, ಚೆಲ್ಸಿಗೆ ಒಂದೇ ಒಂದು, 88ನೇ ನಿಮಿಷದಲ್ಲಿ. ಚೆಲ್ಸಿಯ ಮಾಟಾ ಬಲಗಡೆಯಿಂದ ಒದ್ದ ಚೆಂಡಿಗೆ ಡ್ರೊಗ್ಬಾ ಹತ್ತಿರದ ಕಂಬದ ಕಡೆ ನುಗ್ಗಿ, ಬಯರ್ನ್ ಡಿಫೆಂಡರ್ ಬೊವಾಟೆಂಗ್‌ಗಿಂತ ಮುಂಚೆ ತಲೆ ಕೊಟ್ಟ. ಗೋಲ್‌ಕೀಪರ್ ನೊಯರ್ ಕೈಗೆ ತಗುಲಿದರೂ ಚೆಂಡು ನಿಲ್ಲಲಿಲ್ಲ. ಚೆಲ್ಸಿ ಗೆದ್ದ ಪೆನಾಲ್ಟಿ ಶೂಟೌಟ್‌ನ ಕೊನೆಯ ಒದೆತವೂ ಅವನದೇ.

ಅವನೇನು ದೇವರಲ್ಲ. ಅದೇ ರಾತ್ರಿ ಹೆಚ್ಚುವರಿ ಸಮಯದಲ್ಲಿ ಬಯರ್ನ್‌ನ ರಿಬೆರಿಯನ್ನು ಬೀಳಿಸಿ ಪೆನಾಲ್ಟಿ ಕೊಟ್ಟವನೂ ಇವನೇ. ರಾಬೆನ್ ಒದ್ದದ್ದನ್ನು ಚೆಕ್ ತಡೆದದ್ದಕ್ಕೆ ಬಚಾವಾದ. ಮಾಸ್ಕೋದಲ್ಲಿ ನಡೆದ 2008ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಂತೂ ಶೂಟೌಟ್‌ಗೆ ಕೆಲವೇ ನಿಮಿಷ ಇರುವಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಡಿಚ್ ಕೆನ್ನೆಗೆ ಬಾರಿಸಿ ರೆಡ್ ಕಾರ್ಡ್ ತಗೊಂಡ, ಚೆಲ್ಸಿ ಸೋತಿತು.

ಮ್ಯೂನಿಕ್ ಪಂದ್ಯದ ಹೈಲೈಟ್ಸ್ ಬೇಡ, ಪೂರ್ತಿ ನೋಡಿ. ಗೋಲು ಬಿಟ್ಟು, ಬಯರ್ನ್ ಕಾರ್ನರ್‌ಗಳಿಗೆ ಡ್ರೊಗ್ಬಾ ತನ್ನದೇ ಬಾಕ್ಸ್‌ಗೆ ಎಷ್ಟು ಸಲ ಓಡಿಬರುತ್ತಾನೆ ಅಂತ ಎಣಿಸಿ. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.