ಜೀಪಿನ ಪೈಲೆಟ್ ಬುಶ್ ತೆಗೆಯಲು ಪುಲ್ಲರ್ ಕೊಳ್ಳಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ತೋಟದಲ್ಲಿ ಓಡಾಡುವ ಹಳೇ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಎಂಜಿನ್, ಮೂರು ಗೇರು. ಕ್ಲಚ್ ಪ್ಲೇಟ್ ಹೊಸದು ಹಾಕಿಸಿದರೂ ರಿವರ್ಸ್ ಹಾಕುವಾಗ ಕರ್ರ್ ಅನ್ನುತ್ತದೆ. ಮೆಕ್ಯಾನಿಕ್ ಪೈಲೆಟ್ ಬುಶ್ (ಗೇರ್ ಬಾಕ್ಸಿನ ಶಾಫ್ಟ್ ತುದಿ ಕೂರುವ ಸಣ್ಣ ಕಂಚಿನ ಕೊಳವೆ) ಹೋಗಿದೆ ಅಂದಿದ್ದಾರೆ. ಅದನ್ನು ಎಳೆದು ತೆಗೆಯುವ ಪುಲ್ಲರ್ ತಂದುಕೊಡಿ, ಇಲ್ಲದಿದ್ದರೆ ಚಾಣದಲ್ಲಿ ಸೀಳಿ ತೆಗೆಯುತ್ತೇನೆ ಅನ್ನುತ್ತಿದ್ದಾರೆ.

ಪುಲ್ಲರ್ ಕೊಳ್ಳಬೇಡಿ. ಚಾಣಕ್ಕಂತೂ ಒಪ್ಪಲೇಬೇಡಿ. ಆ ದುಡ್ಡಲ್ಲಿ ಸ್ವಲ್ಪ ಭಾಗ ಲೇತ್ ಅಂಗಡಿಗೆ ಕೊಟ್ಟು ಒಂದು ಸರಳು ತಿರುವಿಸಿಕೊಳ್ಳಿ. ಅದೇ ನಿಮ್ಮ ಟೂಲ್.

ಅದಕ್ಕೂ ಮೊದಲು ತಪ್ಪು ಬುಶ್‌ದೇನಾ ಅಂತ ನೋಡಿ. ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಹಿಂಬದಿ ನಡುವಿನ ಬುಶ್‌ನಲ್ಲಿ ಕೂತಿರುತ್ತದೆ. ಕ್ಲಚ್ ಪೆಡಲ್ ಒತ್ತದೆ ಬಿಟ್ಟಿದ್ದಾಗ ಶಾಫ್ಟ್, ಕ್ರ್ಯಾಂಕ್ ಎರಡೂ ಒಟ್ಟಿಗೇ ತಿರುಗುತ್ತವೆ, ಬುಶ್‌ಗೆ ಕೆಲಸವೇ ಇಲ್ಲ. ಪೆಡಲ್ ಒತ್ತಿದಾಗ ಕ್ರ್ಯಾಂಕ್ ತಿರುಗುತ್ತಿರುತ್ತದೆ, ಶಾಫ್ಟ್ ನಿಲ್ಲಬೇಕು. ಆಗಲೇ ಬುಶ್ ಉಜ್ಜುವುದು. ಒಣಗಿದ ಬುಶ್ ಶಾಫ್ಟನ್ನು ಹಿಡಿದು ತನ್ನ ಜೊತೆ ತಿರುಗಿಸುತ್ತದೆ. ಅದಕ್ಕೇ ಗೇರು ಕರ್ರ್ ಅನ್ನುವುದು.

ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಕಿವಿ ಕೊಡಿ. ಪೆಡಲ್ ಬಿಟ್ಟಾಗ ಇದ್ದ ಸದ್ದು ಒತ್ತಿದಾಗ ಹೋದರೆ ಅದು ಗೇರ್ ಬಾಕ್ಸಿನ ಮುಂದಿನ ಬೇರಿಂಗ್. ಪೆಡಲ್ ಮೇಲೆ ಸುಮ್ನೆ ಕಾಲಿಟ್ಟು ಫ್ರೀ ಪ್ಲೇ (ಪೆಡಲ್‌ನ ಶುರುವಿನ ಸಡಿಲು) ಮುಗಿಯುವಷ್ಟು ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಪೂರ್ತಿ ಒತ್ತಿ, ಗೇರ್ ಹಾಕಿ, ಗಾಡಿ ನಿಂತಿರುವಾಗ ಮಾತ್ರ ಕೀರಲು ಬಂದರೆ ಪೈಲೆಟ್ ಬುಶ್. ಇನ್ನೊಂದು ವಿಷಯ. ಈ ಮೂರು ಗೇರಿನ ಬಾಕ್ಸಿನಲ್ಲಿ ಫಸ್ಟ್ ಮತ್ತು ರಿವರ್ಸ್‌ಗೆ ಸಿಂಕ್ರೋ (ವೇಗ ಹೊಂದಿಸಿ ಗೇರನ್ನು ಸದ್ದಿಲ್ಲದೆ ಸೇರಿಸುವ ಭಾಗ) ಇಲ್ಲ. ಗಾಡಿ ಉರುಳುತ್ತಿರುವಾಗ ಹಾಕಿದರೆ ಕರ್ರ್ ಅನ್ನುವುದು ಅದರ ಹುಟ್ಟುಗುಣ. ಪೂರ್ತಿ ನಿಲ್ಲಿಸಿ, ಪೆಡಲ್ ಒತ್ತಿ, ನಾಲ್ಕೈದು ಸೆಕೆಂಡ್ ಕಾದು ಹಾಕಿದಾಗಲೂ ಅಂದರೆ ಮಾತ್ರ ಯೋಚನೆ ಮಾಡಬೇಕು. ಕ್ಲಚ್ ಅಡ್ಜಸ್ಟ್‌ಮೆಂಟ್ ಸರಿ ಇಲ್ಲದಿದ್ದರೂ ಹೀಗೇ ಆಗುತ್ತದೆ. ಗೇರ್ ಬಾಕ್ಸ್ ಇಳಿಸುವ ಮೊದಲು ಅದನ್ನು ನೋಡಿ, ಪುಕ್ಕಟೆ ಕೆಲಸ.

ಇನ್ನು ಚಾಣ ಯಾಕೆ ಬೇಡ ಅಂದರೆ, ಬುಶ್ ಮೆತ್ತಗಿನ ಕಂಚು. ಅದು ಸೀಳುತ್ತದೆ, ನಿಜ. ಆದರೆ ಚಾಣದ ಮೂಲೆ ಜಾರಿ ಕ್ರ್ಯಾಂಕಿನ ತೂತಿನಲ್ಲಿ ಗೀರು ಬಿದ್ದರೆ ಹೊಸ ಬುಶ್ ನೇರವಾಗಿ ಕೂರುವುದಿಲ್ಲ. ಆ ತೂತನ್ನು ಸರಿ ಮಾಡಿಸಬೇಕು ಅಂದರೆ ಎಂಜಿನ್ನೇ ಬಿಚ್ಚಬೇಕು. ಐವತ್ತು ರೂಪಾಯಿ ಕೆಲಸಕ್ಕೆ ಎಂಜಿನ್ ಬಿಚ್ಚಿಸುವ ಶೂರರು ಬೇಕಾದಷ್ಟಿದ್ದಾರೆ.

ಸರಳು ಹೀಗಿರಲಿ. ಮುಂದಿನ ಭಾಗ ಬುಶ್‌ನ ಒಳಗೆ ಆಡದೆ, ಆದರೆ ಕೈಯಲ್ಲೇ ಜಾರಿ ಹೋಗುವಷ್ಟು ದಪ್ಪ. ಉದ್ದ ಬುಶ್‌ಗಿಂತ ಜಾಸ್ತಿ. ಅದರ ಹಿಂದೆ ಒಂದು ಮೆಟ್ಟಿಲು. ಮೆಟ್ಟಿಲಿನ ದಪ್ಪ ಬುಶ್‌ನ ಹೊರ ಅಳತೆಗಿಂತ ಕೂದಲೆಳೆಯಷ್ಟು ಕಡಿಮೆ. ಟರ್ನರ್ ಕೈಗೆ ಹೊಸ ಬುಶ್ಶನ್ನೇ ಕೊಟ್ಟುಬಿಡಿ, ಅಳತೆ ಬರೆದುಕೊಡುವ ತಲೆನೋವು ಬೇಡ. ಹಳೇ ಬುಶ್ ಸವೆದು ಅಗಲವಾಗಿರುತ್ತದೆ. ಅದಕ್ಕೆ ಸರಿಯಾಗಿ ಇನ್ನೊಂದು ತುಂಡು ಸರಳು ಬೇಕಾಗಬಹುದು, ಕ್ಲಚ್ ಇಳಿಸಿದ ಮೇಲೆ ಅಳೆದುಕೊಳ್ಳಿ.

ತೆಗೆಯುವಾಗ ಬುಶ್‌ನ ಹಿಂದಿನ ಖಾಲಿ ಜಾಗಕ್ಕೆ ಗ್ರೀಸ್ ತುಂಬಿ, ಗಾಳಿ ಉಳಿಯದ ಹಾಗೆ. ಸರಳು ಇಟ್ಟು, ಸುತ್ತ ಬಟ್ಟೆ ಹಿಡಿದು, ಸುತ್ತಿಗೆಯಲ್ಲಿ ಹೊಡೆಯಿರಿ. ಕನ್ನಡಕ ಹಾಕಿಕೊಳ್ಳಿ, ಗ್ರೀಸ್ ಮುಖಕ್ಕೇ ಚಿಮ್ಮುತ್ತದೆ. ಗ್ರೀಸಿಗೆ ಹೋಗಲು ಬೇರೆ ದಾರಿ ಇಲ್ಲ, ಬುಶ್ಶನ್ನೇ ಹಿಂದಿನಿಂದ ತಳ್ಳುತ್ತದೆ. ಸ್ವಲ್ಪ ಹೊರಬಂದ ಮೇಲೆ ಮತ್ತೆ ಗ್ರೀಸ್ ತುಂಬಿ ಮುಂದುವರಿಸಿ. ಸವೆದ ಬುಶ್‌ನಲ್ಲಿ ಗ್ರೀಸ್ ಪಕ್ಕದಿಂದ ಸೋರಿ ಹೋಗುತ್ತಿದ್ದರೆ ಬಟ್ಟೆ ಸೋಪನ್ನು ಹೆರೆದು ತುಂಬಿ, ಇಲ್ಲಾ ಒದ್ದೆ ಪೇಪರ್ ಉಂಡೆ. ಅವು ಅಷ್ಟು ಸುಲಭಕ್ಕೆ ಸೋರುವುದಿಲ್ಲ. ಕೆಲಸ ಆದ ಮೇಲೆ ತೂತನ್ನು ಪೂರ್ತಿ ಒರೆಸಿ ತೆಗೆಯಬೇಕು. ಒಳಗೆ ಉಳಿದ ಗ್ರೀಸ್ ಆಮೇಲೆ ಕ್ಲಚ್ ಪ್ಲೇಟಿಗೆ ಎರಚುತ್ತದೆ.

ಬುಶ್ ತೀರಾ ಓವಲ್ ಆಗಿದ್ದರೆ, ಇಲ್ಲಾ ಹಿಂದಿನ ತೂತು ಮುಚ್ಚಿರದಿದ್ದರೆ ಈ ಉಪಾಯ ನಡೆಯುವುದಿಲ್ಲ. ಪುಲ್ಲರ್ ಬೇಕಾಗುವುದು ಆಗಲೇ, ಅದನ್ನೂ ದೊಡ್ಡ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಕೇಳಿ ತನ್ನಿ. ಒಳಗಿನಿಂದ ಹಿಡಿಯುವ ಜಾತಿಯದ್ದೇ ಆಗಬೇಕು. ಅದರ ಸೀಳು ತುದಿಯನ್ನು ಬುಶ್ ದಾಟಿಸಿ ಒಳಗೆ ಬಿಟ್ಟು, ನಡುವಿನ ಬೋಲ್ಟ್ ತಿರುಗಿಸಿದರೆ ತುದಿ ಅಗಲವಾಗಿ ಬುಶ್‌ನ ಹಿಂದಿನ ಅಂಚನ್ನು ಕಚ್ಚುತ್ತದೆ. ಬುಶ್‌ನ ನಡುವೆಯೇ ಅಗಲಿಸಿದರೆ ಇನ್ನೂ ಬಿಗಿಯಾಗುತ್ತದೆ, ಅಷ್ಟೇ. ಹಿಂದೆ ಹೋಗಿದೆಯಾ ಅಂತ ಎಳೆದು ನೋಡಿಯೇ ಬಿಗಿ ಮಾಡಿ. ಜಾರುವ ಸುತ್ತಿಗೆ (ಸರಳಿನ ಮೇಲೆ ಜಾರಿಸಿ ಬಡಿದು ಎಳೆಯುವ ತೂಕ) ಇರುವುದಕ್ಕಿಂತ ಸೇತುವೆ (ತೂತಿನ ಎರಡೂ ಬದಿ ಕಾಲೂರುವ ಪಟ್ಟಿ) ಮತ್ತು ನಟ್ ಇರುವ ಪುಲ್ಲರ್ ನನಗೆ ಇಷ್ಟ. ಗಾಡಿ ಅಡಿಯಲ್ಲಿ ಮಲಗಿ ಸುತ್ತಿಗೆ ಬೀಸಲು ಜಾಗ ಎಲ್ಲಿರುತ್ತದೆ? ನಟ್ ಆದರೆ ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ತಿರುಗಿಸಿದರೆ ಬುಶ್ ನೇರವಾಗಿ ಬರುತ್ತದೆ. ಸೇತುವೆಯ ಕಾಲು ಫ್ಲೈವೀಲಿನ (ಕ್ರ್ಯಾಂಕಿನ ಹಿಂದಿನ ಭಾರದ ಚಕ್ರದ) ಉಜ್ಜುವ ಮುಖದ ಮೇಲೆ ಬಂದರೆ ಮರದ ತುಂಡು ಕೊಡಿ.

ಹೊಸ ಬುಶ್ ಬಗ್ಗೆ ಒಂದು ಮಾತು. ಇದು ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು, ಒಳಗೆಲ್ಲ ಸಣ್ಣ ರಂಧ್ರ. ಅವು ಎಣ್ಣೆ ಕುಡಿದು ಇಟ್ಟುಕೊಳ್ಳುತ್ತವೆ. ಗ್ರೀಸ್ ಹಚ್ಚಿದರೆ ರಂಧ್ರ ಮುಚ್ಚಿಕೊಳ್ಳುತ್ತವೆ, ಹಚ್ಚಬೇಡಿ. ಒಂದು ಕಡೆ ಹೆಬ್ಬೆರಳು ಮುಚ್ಚಿ ಎಂಜಿನ್ ಆಯಿಲ್ ತುಂಬಿ, ಇನ್ನೊಂದು ಕಡೆಯೂ ಬೆರಳಿಟ್ಟು ಗಟ್ಟಿಯಾಗಿ ಒತ್ತಿ. ಹೊರಮೈಯಲ್ಲಿ ಎಣ್ಣೆ ಹನಿಹನಿಯಾಗಿ ಬೆವರಿದರೆ ಸರಿಯಾಗಿ ಕುಡಿದಿದೆ ಅಂತ. ಕೊಳ್ಳುವಾಗ ಜೇಬಲ್ಲಿ ಮ್ಯಾಗ್ನೆಟ್ ಇರಲಿ. ಅಂಟಿಕೊಂಡರೆ ಅದರಲ್ಲಿ ಕಬ್ಬಿಣ ಬೆರೆತಿದೆ, ವಾಪಸ್ ಕೊಡಿ.

ಹಾಕುವ ಮೊದಲು ಬುಶ್ಶನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಆಮೇಲೆ ಸರಳಿನ ಮೆಟ್ಟಿಲಿಗೆ ತಾಗಿಸಿ ಸಣ್ಣ ಪೆಟ್ಟುಗಳಲ್ಲಿ ಹೊಡೆದು ಕೂರಿಸಿ. ಸರಳಿನ ಮುಂಭಾಗ ಒಳಗಿರುವುದರಿಂದ ಬುಶ್ ವಾಲುವುದಿಲ್ಲ, ಬಾಯಿ ಜಜ್ಜುವುದಿಲ್ಲ. ಬರೀ ಸುತ್ತಿಗೆಯಲ್ಲಿ ಹೊಡೆದರೆ ವಾಲುತ್ತದೆ, ಜಜ್ಜುತ್ತದೆ. ಕೂತ ಮೇಲೆ ಒಳ ಅಳತೆ ಸ್ವಲ್ಪ ಬಿಗಿಯಾಗುತ್ತದೆ, ಅದಕ್ಕೆ ಸರಳು ಮತ್ತೆ ಕೈಯಲ್ಲೇ ಹೋಗಿಬರುತ್ತದಾ ನೋಡಿ. ಎಮರಿ ಪೇಪರ್ ಹಾಕಿ ಉಜ್ಜಬೇಡಿ, ರಂಧ್ರ ಮುಚ್ಚುತ್ತವೆ.

ಇನ್‌ಪುಟ್ ಶಾಫ್ಟಿನ ತುದಿಯನ್ನೂ ಉಗುರಿನಲ್ಲಿ ಕೆರೆದು ನೋಡಿ. ಗೆರೆ ಸಿಕ್ಕಿದರೆ ಹೊಸ ಬುಶ್ ಬೇಗ ಹೋಗುತ್ತದೆ. ಆಗ ತುದಿಯನ್ನು ನುಣ್ಣಗೆ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಬುಶ್ ತಿರುವಿಸಬೇಕು. ನಿಮ್ಮದು ಮೂಲ ಪೆಟ್ರೋಲ್ ಎಂಜಿನ್ ಅಂದಿದ್ದೀರಿ, ಒಳ್ಳೆಯದಾಯಿತು. ನಮ್ಮ ಕಡೆ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ. ಅವುಗಳಲ್ಲಿ ಹೊರ ಅಳತೆ ಒಂದು ಎಂಜಿನ್ನಿಂದು, ಒಳ ಅಳತೆ ಇನ್ನೊಂದು ಬಾಕ್ಸಿಂದು. ಅಂಗಡಿಯ ಬುಶ್ ಹೊಂದುವುದೇ ಇಲ್ಲ.

ಗೇರ್ ಬಾಕ್ಸ್ ಕೆಳಗಿಳಿದಿರುವಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ನೋಡಿಬಿಡಿ. ಕ್ಲಚ್ ಪ್ಲೇಟ್ ನಡುವಿಗೆ ಕೂರಿಸಲು ಹಳೇ ಇನ್‌ಪುಟ್ ಶಾಫ್ಟ್ ಗುಜರಿಯಲ್ಲಿ ಸಿಕ್ಕಿದರೆ ತನ್ನಿ. ಬಾಕ್ಸ್ ಏರಿಸುವಾಗ ಅದರ ಭಾರ ಶಾಫ್ಟ್ ತುದಿಯ ಮೇಲೆ ನೇತಾಡಬಾರದು. ಬೋಲ್ಟ್ ಹಾಕಿ ಬಿಗಿ ಮಾಡುವವರೆಗೂ ಜ್ಯಾಕ್ ತೆಗೆಯಬೇಡಿ.