ಎಟಿವಿಯ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬೆಳ್ಳಗಾಗಿದ್ದರೆ

ಎಟಿವಿಯ (ಕಚ್ಚಾ ದಾರಿ, ಕೆಸರಿನಲ್ಲೂ ಓಡುವ ಸಣ್ಣ ಗಾಡಿ) ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಡ್ರೈನ್ ಮಾಡಿದಾಗ ಆಯಿಲ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ ಬಂತಾ? ಒಳಗೆ ನೀರು ಸೇರಿದೆ. ಹೊಳೆ ದಾಟಿದ ಮೇಲೆ ಹೀಗಾಗಿದ್ದರೆ ಮೊದಲ ಅನುಮಾನ ಬ್ರೀದರ್ ಪೈಪಿನ (ಡಿಫರೆನ್ಷಿಯಲ್ ಒಳಗೆ-ಹೊರಗೆ ಗಾಳಿ ಆಡಲು ಇರುವ ಸಣ್ಣ ಕೊಳವೆ) ಮೇಲೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸಿಕ್ಕ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ.

ಆ ಪೈಪ್ ಕಳಚಿದೆಯಾ, ಸೀಳಿದೆಯಾ, ಕೆಸರು ಕಟ್ಟಿದೆಯಾ ನೋಡಿ. ಇದನ್ನು ಬಿಟ್ಟು ಸುಮ್ನೆ ಆಯಿಲ್ ಬದಲಿಸಿದರೆ ಮತ್ತೆ ಅದೇ ಕಥೆ. ಆಮೇಲೆ ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಮೊದಲು ಮೇಲಿನ ಫಿಲ್ಲರ್ ಬೋಲ್ಟ್ (ಆಯಿಲ್ ತುಂಬುವ ಕಡೆಯದು) ಬಿಚ್ಚಿ. ಆಯಿಲ್ ಎಲ್ಲ ಸುರಿದ ಮೇಲೆ ಫಿಲ್ಲರ್ ಜಾಮ್ ಆಗಿದೆ ಅಂತ ಗೊತ್ತಾದರೆ ಪೇಚಾಟ ಅಲ್ವಾ?

ಡ್ರೈನ್ ಬೋಲ್ಟಿನಲ್ಲಿ ಮ್ಯಾಗ್ನೆಟ್ ಇದ್ದು, ಅದಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿದ್ದರೆ ಅದು ಮಾಮೂಲು. ಲೋಹದ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಹೊಸ ವಾಷರ್ ಹಾಕಿ, ಮ್ಯಾನ್ಯುವಲ್‌ನಲ್ಲಿರುವ ಆಯಿಲನ್ನೇ, ಅದೇ ಅಳತೆಗೆ ತುಂಬಿ. 15-20 ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ಆಯಿಲನ್ನು ಮತ್ತೆ ಇಳಿಸಿ. ಒಂದೇ ಸಲಕ್ಕೆ ನೀರು ಪೂರ್ತಿ ಹೋಗುವುದಿಲ್ಲ. ತಿಳಿಯಾಗಿ ಬರುವವರೆಗೆ ಹೀಗೇ ಮಾಡಿ.

ಪೈಪ್ ಸರಿಯಿದ್ದೂ ಮತ್ತೆ ಬೆಳ್ಳಗಾದರೆ ಆಕ್ಸಲ್ ಸೀಲ್ (ಚಕ್ರಕ್ಕೆ ಹೋಗುವ ದಂಡ ಡಿಫರೆನ್ಷಿಯಲ್‌ಗೆ ಸೇರುವ ಕಡೆ ಸೋರದಂತೆ ತಡೆಯುವ ಬಳೆ) ಹೋಗಿರಬಹುದು. ದೂರದಿಂದ ಖಚಿತವಾಗಿ ಹೇಳಲು ಆಗುವುದಿಲ್ಲ. ಆಕ್ಸಲ್ ಸೇರುವ ಜಾಗವನ್ನು ಒರೆಸಿ, ಮರುದಿನ ಅಲ್ಲಿ ಜಿಡ್ಡು ಕಾಣುತ್ತದಾ ನೋಡಿ.